ಮೊಮ್ಮಗಳು ಬರೆದ ಖಾಲಿ ತಟ್ಟೆ

ಮೊಮ್ಮಗಳ ಚಿತ್ರ ಥಾಣೆಯ ಗ್ಯಾಲರಿಯೊಂದರ ಗೋಡೆಗೆ ಏರಿದ ಸುದ್ದಿಯನ್ನು ನಮ್ಮ ಬಿಲ್ಡಿಂಗಿನ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ. ಲಿಫ್ಟಿನಲ್ಲಿ ಸಿಕ್ಕವರು ಮತ್ತೊಮ್ಮೆ ಕೇಳಬೇಕಾಗಿ ಬಂದದ್ದೂ ಉಂಟು. ಇನ್ನು ಉಳಿದದ್ದು ಬರೆಯುವುದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕೊಂಬು, ದೀರ್ಘ ತಪ್ಪಿದರೆ ಓದುವವರೇ ಸರಿ ಮಾಡಿಕೊಳ್ಳಬೇಕು.

ನಮ್ಮ ಮನೆ ಡೊಂಬಿವಲಿಯಲ್ಲಿ. ಆಗ ಮೊಮ್ಮಗಳಿಗೆ ಚಿತ್ರಕಲೆಯ ಕಾಲೇಜಿನಲ್ಲಿ ಕೊನೆಯ ವರ್ಷ. ಅವಳ ಅಪ್ಪ, ಅಂದರೆ ನನ್ನ ಮಗ, ದಿನವೂ ಲೋಕಲ್ ಹಿಡಿದು ಥಾಣೆ ದಾಟಿ ಆಫೀಸಿಗೆ ಹೋಗುವವನು. ಅವನು ಅವಳಿಗೊಂದು ಶರತ್ತು ಹಾಕಿದ್ದ. ಕಾಲೇಜಿನ ಪ್ರದರ್ಶನಕ್ಕೆ ಅವಳ ಚಿತ್ರ ಆಯ್ಕೆಯಾದರೆ ಬಣ್ಣ ಮುಂದುವರಿಸಬಹುದು, ಇಲ್ಲವಾದರೆ ಪರಿಚಯದವರು ಹೇಳಿದ ಕಂಪ್ಯೂಟರ್ ಕೆಲಸಕ್ಕೆ ಸೇರಬೇಕು.

“ಹೂವಿನ ಚಿತ್ರ ಯಾರಿಗೆ ಬೇಕು? ಕ್ಯಾಲೆಂಡರಿನಲ್ಲಿ ಬೇಕಾದಷ್ಟು ಉಂಟಲ್ಲ” ಎಂದ.

“ಪಪ್ಪಾ, ಕ್ಯಾಲೆಂಡರ್‌ವಾಲಾ ಫೂಲ್ ನಾನು ಬರೆಯೋದೇ ಇಲ್ಲ” ಎಂದಳು ಇವಳು.

ದಸರೆಗೆ ಲೋಕಲ್ ರೈಲಿನ ದಿನದ ಪ್ರಯಾಣಿಕರು ತಮ್ಮ ಬೋಗಿಯನ್ನು ಗೊಂಡೆ ಹೂವಿನಿಂದ ಸಿಂಗರಿಸಿ ಪೂಜೆ ಮಾಡುವುದುಂಟು. ಆ ಮಾಲೆಯ ಒಂದು ತುಂಡನ್ನು ಮಗ ಪ್ರಸಾದವೆಂದು ತಂದು ದೇವರ ಪಟಕ್ಕೆ ಹಾಕಿದ. ಅದು ಬಾಡತೊಡಗಿದಾಗ ಮೊಮ್ಮಗಳು ತೆಗೆದು ಒಂದು ಸ್ಟೀಲ್ ತಟ್ಟೆಯಲ್ಲಿಟ್ಟಳು. ಪಕ್ಕದಲ್ಲಿ ಅಪ್ಪನ ನೆಗ್ಗಿದ ಹಳೆಯ ಟಿಫಿನ್, ಅವಧಿ ಮುಗಿದ ರೈಲ್ವೆ ಪಾಸು. ಕಿಟಕಿಯ ಬಳಿ ಕೂತು ಬರೆಯತೊಡಗಿದಳು.

“ಮಾರಾಯ್ತಿ, ಒಳ್ಳೆಯ ಹೂ ತರಿಸ್ಲಾ?” ಎಂದೆ.

“ನಕೋ, ಬೇಡ ಅಜ್ಜಿ. ಇದು ಬಾಡ್ಬೇಕು. ಬೆಳಿಗ್ಗೆ ಟ್ರೇನ್ ಹತ್ತುವಾಗ ಪಪ್ಪಾ ತಾಜಾ ಇರ್ತಾರೆ, ರಾತ್ರಿ ಇಳಿಯುವಾಗ ನೋಡು, ಹೀಗೆ.”

“ನಿನ್ನ ಅಪ್ಪನನ್ನು ಗೊಂಡೆ ಹೂ ಮಾಡಿದ್ಯಾ? ಮತ್ತೆ ಈ ಪಾಸು?”

“ಅದು ಅವರ ಕಾಲು. ಟಿಫಿನ್ ಹೊಟ್ಟೆ. ನೀನು ಪಪ್ಪಾಗೆ ಈಗ್ಲೇ ಹೇಳ್ಬೇಡ, ಮುಗೀಲಿ.”

ನಾನು ಅವಳ ಹಿಂದೆ ಒಂದು ಮಣೆ ಹಾಕಿ ಕೂರುತ್ತಿದ್ದೆ. ಈ ಜನ್ಮದಲ್ಲಿ ಎಷ್ಟು ಹೂ ಕಟ್ಟಿದ್ದೇನೋ, ಎಷ್ಟು ಮುಡಿದಿದ್ದೇನೋ. ಆದರೆ ಬಾಡಿದ ಹೂವನ್ನು ತೆಗೆದು ಬದಿಗಿಟ್ಟದ್ದಲ್ಲದೆ ನೋಡಿದವಳಲ್ಲ. ಈಗ ನೋಡಿದೆ. ಎಸಳಿನ ಅಂಚು ಮೊದಲು ಕಂದಿತು, ಆಮೇಲೆ ಬಣ್ಣ ಒಳಗೊಳಗೇ ಗಟ್ಟಿಯಾಗಿ ಬೆಲ್ಲದ ಹಾಗಾಯಿತು. ಕೆಲಸ ಮುಗಿದ ಮೇಲೂ ಹೂವಿಗೆ ಒಂದು ಬಾಳುವೆ ಇರುತ್ತದೆ ಎಂದು ನನಗೆ ತಿಳಿದದ್ದು ಆ ಮಣೆಯ ಮೇಲೆ.

ದೇವರಿಗೆ ಏರಿಸಿದ ಹೂವನ್ನು ನಮ್ಮಲ್ಲಿ ಕಸಕ್ಕೆ ಹಾಕುವುದಿಲ್ಲ, ಕಾಲಿಗೆ ತಾಗಬಾರದು. ಊರಿನಲ್ಲಾದರೆ ತೆಂಗಿನ ಬುಡ ಇತ್ತು. ಇಲ್ಲಿ ಫ್ಲ್ಯಾಟಿನಲ್ಲಿ ಎಲ್ಲಿಗೆ ಹಾಕುವುದು? ಮಗ ವಾರಕ್ಕೊಮ್ಮೆ ನಿರ್ಮಾಲ್ಯವನ್ನೆಲ್ಲ ಚೀಲಕ್ಕೆ ತುಂಬಿಸಿ, ಕಳ್ವಾ ದಾಟಿ ರೈಲು ಸೇತುವೆಗೆ ಬಂದಾಗ ಬಾಗಿಲಿನಿಂದ ಕೆಳಗಿನ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಹರಿವಿಗೆ ಹಾಕುತ್ತಿದ್ದ. ಆ ಶನಿವಾರ ನಾವೆಲ್ಲ ಏಳುವ ಮೊದಲೇ ತಟ್ಟೆಯ ಮಾಲೆಯೂ ಅವನ ಚೀಲ ಸೇರಿತು.

ಸಂಜೆ ಅವನು ಬಂದಾಗ ಮೊಮ್ಮಗಳು ತಟ್ಟೆಯ ಮುಂದೆ ಕೂತೇ ಇದ್ದಳು.

“ಒಣಗಿ ಹೋಗಿತ್ತಲ್ಲ. ದೇವರದ್ದು, ನೀರಿಗೆ ಬಿಟ್ಟೆ. ಎಂತ ಈಗ?” ಎಂದ ಅವನು.

“ಪಪ್ಪಾ, ವೋ ಆಪ್ ಥೇ” ಎಂದು ಅವಳು ಒಳಗೆ ಹೋದಳು. ಅದು ನೀವಾಗಿದ್ದಿರಿ ಎಂದರೆ ಅವನಿಗೇನು ಅರ್ಥವಾಗಬೇಕು? ನನ್ನ ಮುಖ ನೋಡಿದ. ಬಾಯಿ ಬಿಡಬೇಡ ಎಂದಿದ್ದಳಲ್ಲ, ನಾನು ಚಾ ಮಾಡಲು ಎದ್ದೆ.

ಚಿತ್ರ ಅರ್ಧದಲ್ಲಿತ್ತು, ಕೊಡುವ ದಿನ ಹತ್ತಿರ ಬಂದಿತ್ತು. “ಬೇರೆ ಮಾಲೆ ತರುವ. ಹಪ್ಪಳದ ಹಾಗೆ ಬಿಸಿಲಿಗೆ ಹಾಕಿ ಒಣಗಿಸಿ ಕೊಡ್ತೇನೆ” ಎಂದೆ.

ಅಳುತ್ತಿದ್ದವಳು ನಕ್ಕುಬಿಟ್ಟಳು. “ಹಪ್ಪಳ ಬೇಡ ಅಜ್ಜಿ. ಅದು ಪಪ್ಪಾನ ಟ್ರೇನಿನ ಹೂವಲ್ಲ.”

ಮರುದಿನ ಬರೆದಿದ್ದ ಮಾಲೆಯನ್ನು ಕೆರೆದು ತೆಗೆದಳು. ತಟ್ಟೆಯಲ್ಲಿ ಹೂ ಇದ್ದಲ್ಲಿ ಹಳದಿ ಗುರುತೊಂದು ಉಳಿದಿತ್ತು, ಅಂಚಿಗೆ ಒಂದೆರಡು ಎಸಳು ಅಂಟಿದ್ದವು. ಅದನ್ನೇ ಬರೆದಳು. ತೊಳೆಯದ ತಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಆದರೂ ಚಿತ್ರ ಮುಗಿಯುವವರೆಗೆ ಮುಟ್ಟಲಿಲ್ಲ.

ಆ ಚಿತ್ರ ಆಯ್ಕೆಯಾಯಿತು. ಖಾಲಿ ತಟ್ಟೆ! ನಾನು ವಾಚ್‌ಮನ್‌ಗೂ ಪೇಡೆ ಕೊಟ್ಟೆ.

ಪ್ರದರ್ಶನದ ದಿನ ಥಾಣೆಯ ಗ್ಯಾಲರಿಯಲ್ಲಿ ಮಗ ಎಲ್ಲ ಚಿತ್ರಗಳನ್ನೂ ಅವಸರದಲ್ಲಿ ದಾಟಿಕೊಂಡು ಬಂದವನು ಇದರ ಮುಂದೆ ನಿಂತ.

“ಇದು ನನ್ನ ಡಬ್ಬಿ.”

“ಹಾಂ ಪಪ್ಪಾ.”

“ಪಾಸೂ ನನ್ನದೇ.” ಇನ್ನಷ್ಟು ಹೊತ್ತು ನೋಡಿದ. “ತಟ್ಟೆಯಲ್ಲಿ ಇದ್ದದ್ದು... ನಾನಾ?”

ಅವಳು ತಲೆಯಾಡಿಸಿದಳು. ಪಕ್ಕದಲ್ಲಿ ನಿಂತಿದ್ದ ಮರಾಠಿ ಹಿರಿಯರೊಬ್ಬರು ತಟ್ಟೆ ಯಾಕೆ ಖಾಲಿ ಎಂದು ಕೇಳಿದರು. ಮೊಮ್ಮಗಳು ಬಾಯಿ ತೆರೆಯುವ ಮೊದಲೇ ನನ್ನ ಮಗ ಮರಾಠಿಯಲ್ಲಿ ಹೇಳತೊಡಗಿದ. ದಸರೆಯ ರೈಲು, ಮಾಲೆ, ಖಾಡಿ, ತನ್ನ ಕೈಯ ಚೀಲ, ಒಂದನ್ನೂ ಬಿಡಲಿಲ್ಲ. ಇಪ್ಪತ್ತು ಮಂದಿಗೆ ಕೇಳುವಷ್ಟು ದೊಡ್ಡ ಸ್ವರದಲ್ಲಿ ಹೇಳಿದ.

ಆಮೇಲೆ ಮಗಳ ಕಡೆ ತಿರುಗಿ, “ಮುಂದಿನ ಚಿತ್ರಕ್ಕೆ ಎಂತ ಹೂ ಬೇಕು? ಭಾನುವಾರ ಕಲ್ಯಾಣದ ಮಾರ್ಕೆಟಿಗೆ ನಾನೇ ಹೋಗ್ತೇನೆ” ಎಂದ.

“ಕಮಲ. ಆದ್ರೆ ಬಾಡಿದ ಮೇಲೆ ಮುಟ್ಟೋ ಹಾಗಿಲ್ಲ.”

“ಆಯ್ತು. ಅಜ್ಜಿಗೂ ಹೇಳಿಡು” ಎಂದ ನನ್ನನ್ನು ನೋಡಿ. ಕಳ್ಳ. ಮಾಡಿದ್ದೆಲ್ಲ ತಾನು, ಬುದ್ಧಿ ನನಗೆ. ನನಗೆ ನಗು ತಡೆಯಲಾಗದೆ ಅಲ್ಲೇ ಒಂದು ಕುರ್ಚಿಯಲ್ಲಿ ಕೂತುಬಿಟ್ಟೆ. ಕಂಪ್ಯೂಟರ್ ಕೆಲಸದ ಮಾತು ಆಮೇಲೆ ನಮ್ಮ ಮನೆಯಲ್ಲಿ ಏಳಲಿಲ್ಲ.