ಡ್ರೈವರನ ಫಾರಂ ಕಂಡಕ್ಟರ್ ತುಂಬಿದ್ದು

ನಮ್ಮ ಬಸ್ಸಿನ ಡ್ರೈವರ್ ಯೋಗರಾಜ್ ಹದಿನಾಲ್ಕು ವರ್ಷದಲ್ಲಿ ಒಂದು ಕಾಗದಕ್ಕೂ ಪೆನ್ನು ಹಚ್ಚಿದವನಲ್ಲ. ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ. ಸ್ಟೇರಿಂಗ್ ಅವನದು, ಕಾಗದಪತ್ರ ಕಂಡಕ್ಟರನಾದ ನನ್ನದು. ಟ್ರಿಪ್ ಶೀಟಿನಲ್ಲಿ ಗಾಡಿಯ ದೂರು ಬರೆಯಲು ಒಂದು ಜಾಗವಿದೆ. ಗೇರು ಗೊರಗೊರ ಅಂದರೂ ನಾನು ಅಲ್ಲಿ ‘ಇಲ್ಲ’ ಎಂದೇ ಬರೆಯುವವನು. ದೂರು ಬರೆದರೆ ಗಾಡಿ ಗ್ಯಾರೇಜಿಗೆ, ನಾವಿಬ್ಬರೂ ಮನೆಗೆ.

ಎಂಥ ತಿರುವಿನಲ್ಲೂ ಯೋಗರಾಜ್ ಕೂತವರ ಹೊಟ್ಟೆಯ ನೀರು ಅಲ್ಲಾಡದಂತೆ ಓಡಿಸುತ್ತಿದ್ದ. ಹೆಂಡತಿ ವೇದಾವತಿ ತೀರಿಕೊಂಡ ಮೇಲೆ ಸಂಜೆಯ ಕುಡಿತ ಬೆಳಗಿಗೂ ಬಂತು, ಕೈ ನಡುಗತೊಡಗಿತು. ಮಾಲೀಕರು ಸ್ಟೇರಿಂಗ್ ಬಿಡಿಸಿದರು. ಕುಡಿತ ಬಿಟ್ಟಿದ್ದಾನೆಂದು ಡಾಕ್ಟರ ಚೀಟಿ ತಂದರೆ ಮಾತ್ರ ಮತ್ತೆ ಗಾಡಿ ಎಂದರು. ನಾನೇ ಅವನನ್ನು ತೀರ್ಥಹಳ್ಳಿಯ ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಿದೆ.

ಇಪ್ಪತ್ತನೇ ದಿನ ನೋಡಲು ಹೋದರೆ, ಕಾಲು ಸುಟ್ಟ ಬೆಕ್ಕಿನಂತೆ ವರಾಂಡದಲ್ಲಿ ತಿರುಗುತ್ತಿದ್ದ. ಕೂರಿಸಿದರೂ ಎಡಗಾಲು ಕ್ಲಚ್ ಒತ್ತುತ್ತಲೇ ಇತ್ತು. ನನಗೂ ಗಡಿಬಿಡಿ, ಬಸ್ಸು ಹೊರಡಲು ಅರ್ಧ ಗಂಟೆಯಷ್ಟೇ ಇತ್ತು. ಅಷ್ಟರಲ್ಲಿ ಅಲ್ಲಿ ಕೆಲಸ ಮಾಡುವ ಕುಮುದಾ ಎಂಬ ಹುಡುಗಿ ಅವನ ಕೈಗೊಂದು ಫಾರಂ ಕೊಟ್ಟಳು.

“ನೀವೇ ತುಂಬಬೇಕು ಅಣ್ಣ. ಚೀಟಿಗೂ ಇದಕ್ಕೂ ಸಂಬಂಧ ಇಲ್ಲ. ಕುಡಿತ ಬಿಡೋರು ತಾವೇ ಬರೆದಿದ್ದೂ ಡಾಕ್ಟ್ರು ಮಾತಾಡ್ಸಿ ಕಂಡಿದ್ದೂ ತಾಳೆ ಆಗುತ್ತಾ ಅಂತ ನೋಡ್ತಿದ್ದೀವಿ. ಇರಿ, ಪೆನ್ನು ತರ್ತೀನಿ.”

ಅವಳು ಒಳಗೆ ಹೋದದ್ದೇ ತಡ, ಯೋಗರಾಜ್ ಫಾರಂ ನನ್ನತ್ತ ಚಾಚಿದ, ದಿನಾ ಟ್ರಿಪ್ ಶೀಟ್ ಚಾಚುವ ಹಾಗೆ. ನಾನೂ ಕಿವಿಗೆ ಸಿಕ್ಕಿಸಿದ ಪೆನ್ನು ತೆಗೆದೆ. ಇದರಲ್ಲೊಂದು ತಪ್ಪಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಕಳೆದ ಹದಿನೈದು ದಿನ ನಿದ್ದೆ ಕೆಟ್ಟಿತ್ತೇ, ಚಡಪಡಿಕೆ ಇತ್ತೇ, ಮನಸ್ಸು ಕುಗ್ಗಿತ್ತೇ ಎಂಬಂಥ ಪ್ರಶ್ನೆಗಳು. ಪ್ರತಿಯೊಂದಕ್ಕೂ ‘ಇಲ್ಲವೇ ಇಲ್ಲ’ದಿಂದ ‘ದಿನಾ’ವರೆಗೆ ನಾಲ್ಕು ಚೌಕ. ಇವನನ್ನು ಕೇಳುವುದೇನಿದೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಇವನನ್ನು ಹಡೆದ ತಾಯಿಗಿಂತ ಚೆನ್ನಾಗಿ ಬಲ್ಲವನು ನಾನು. ಕುಮುದಾ ಏನೇ ಹೇಳಲಿ, ದೂರು ಬರೆದರೆ ಚೀಟಿ ಸಿಗಲಿಕ್ಕಿಲ್ಲ ಎಂಬ ಹೆದರಿಕೆ ಬೇರೆ. ಸರಿಯಾಗಿ ಓದದೆಯೇ ಮೇಲಿಂದ ಕೆಳಗೆ ‘ಇಲ್ಲವೇ ಇಲ್ಲ’ ಗೀಚಿ ಮುಗಿಸಿದೆ.

ಕುಮುದಾ ಪೆನ್ನು ಹಿಡಿದು ಬಂದು ನೋಡಿದಳು. “ಯಾರು ಬರೆದ್ರು ಇದನ್ನ?”

“ಯಾರು ಬರೆದ್ರೆ ಎಂತ ತಂಗಿ? ಹದಿನಾಲ್ಕು ವರ್ಷ ಇವನ ಜೊತೆ ಇದ್ದವ ನಾನು,” ಎಂದು ರೇಗಿದೆ.

“ಹಂಗಾದ್ರೆ ಇದು ನಿಮ್ಮ ಫಾರಂ ಆಯ್ತು ಅಣ್ಣ. ಅವರದ್ದು ಬೇಕು,” ಎಂದು ಅವನಿಗೆ ಹೊಸ ಹಾಳೆ ಕೊಟ್ಟು, ನನ್ನನ್ನು ಆಚೆಯ ಬೆಂಚಿಗೆ ಕಳಿಸಿದಳು.

ಅವನು ಒಂದೊಂದು ಸಾಲಿಗೂ ಒಂದೊಂದು ಯುಗ ಮಾಡಿದ. ಹೊತ್ತು ಮೀರುತ್ತಿತ್ತು, ನನ್ನ ಸಿಟ್ಟು ನೆತ್ತಿಗೇರಿತ್ತು. ಕೊನೆಯ ಸಾಲಿಗೆ ಬಂದಾಗ ಅವನ ಎಡಗಾಲು ನಿಂತಿತು. ಗುರುತು ಹಾಕಿದ. ಕುಮುದಾ ನೋಡಿದವಳೇ ಅವನ ಪಕ್ಕ ಕೂತು, ಡಾಕ್ಟರನ್ನು ಅಲ್ಲಿಗೇ ಕರೆಸಿದಳು. ನಾನು ಬಸ್ ಸ್ಟ್ಯಾಂಡಿನ ಏಜೆಂಟನಿಗೆ ಫೋನ್ ಮಾಡಿ, ಬೇರೆ ಕಂಡಕ್ಟರನನ್ನು ಹತ್ತಿಸು ಎಂದೆ.

ಡಾಕ್ಟರು ಅವನನ್ನು ಒಳಗೆ ಕರೆದೊಯ್ದು ಒಂದು ಗಂಟೆ ಮಾತಾಡಿದರು. ಆಮೇಲೆ, ಇವನನ್ನು ಒಬ್ಬನೇ ಬಿಡಬಾರದು ಎಂದು ನನಗೂ ಹೇಳಿದರು. ಯಾಕೆಂದು ಯೋಗರಾಜನೇ ಹೇಳಿದ.

“ಫಾರಂ ಕೊನೇ ಸಾಲಲ್ಲಿ, ಸತ್ತು ಹೋಗೋದೇ ಒಳ್ಳೇದು ಅನ್ನಿಸ್ತದಾ ಅಂತ ಕೇಳಿದ್ರು. ದಿನಾ ಅಂತ ಹಾಕ್ದೆ.”

ಅದೇ ಸಾಲಿಗೆ ನಾನು ‘ಇಲ್ಲವೇ ಇಲ್ಲ’ ಗೀಚಿದ್ದೆ. ನನ್ನ ಕೈಯ ಮೇಲೆ ನನಗೇ ಅಸಹ್ಯವಾಯಿತು.

“ನನ್ ಹತ್ರ ಯಾಕೆ ಹೇಳ್ಲಿಲ್ಲ ಮಾರಾಯ?”

“ನೀನು ಕೇಳ್ಲೇ ಇಲ್ವಲ್ಲ ಧರ್ಮಣ್ಣ.”

ನನಗೆ ಅಳು ಬಂತು. ಬಸ್ಸು ಆಗಲೇ ಹೊರಟುಹೋಗಿತ್ತು. ಪೆನ್ನನ್ನು ಜೇಬಿಗೆ ಹಾಕಿ ಅವನ ಪಕ್ಕ ಕೂತೆ.

“ಈಗ ಕೇಳ್ತಿದ್ದೀನಿ,” ಎಂದೆ. “ಹೇಳು.”