ವಿಭೂತಿ ಹಚ್ಚಿದ ಡಿಪಾಜಿಟ್ ರಸೀದಿ

ಕರೆಂಟಿನವರು ಗಿರಾಕಿಗಳ ಡಿಪಾಜಿಟ್ ವಾಪಸ್ ಕೊಡಬೇಕೋ ಬೇಡವೋ ಎಂದು ಯಾರಾದರೂ ಚರ್ಚೆಗೆ ಕೂತರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಕೊಡಬೇಕು. ಅದರಲ್ಲಿ ಚರ್ಚೆ ಏನು ಬಂತು? ಈ ಒಂದು ಮಾತನ್ನು ಅವರ ಬಾಯಿಂದ ಹೇಳಿಸಲಿಕ್ಕೆ ನಮ್ಮಪ್ಪ ವರ್ಷಕ್ಕೂ ಹೆಚ್ಚು ಕಾಲ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಅಲೆದರು. ಜೊತೆಗೆ ಮಗಳು ನಾನೂ ಅಲೆದೆ. ಆ ಸುಸ್ತು ಇನ್ನೂ ಪೂರ್ತಿ ಇಳಿದಿಲ್ಲ.

ದಾವಣಗೆರೆಯ ಆನೆಕೊಂಡದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಜೋಳ, ಗೋಧಿ, ರಾಗಿಗೆ ಒಂದು ಕಲ್ಲು, ಒಣಮೆಣಸಿನಕಾಯಿಗೆ ಇನ್ನೊಂದು. ಅಪ್ಪನ ಹಣೆ ಸಂಜೆವರೆಗೂ ಬೆಳ್ಳಗಿರುತ್ತಿತ್ತು, ಅದರಲ್ಲಿ ಹಿಟ್ಟೆಷ್ಟು ವಿಭೂತಿಯೆಷ್ಟು ಎಂದು ಅಮ್ಮನಿಗೂ ಹೇಳಲಾಗುತ್ತಿರಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ತಕ್ಕಡಿ, ಮೋಟರು, ಖಾತೆ ಪುಸ್ತಕ ಎಲ್ಲಕ್ಕೂ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆಯುವುದು ನಮ್ಮಲ್ಲಿ ವಾಡಿಕೆ. ಅಪ್ಪ ಈ ಸಾಲಿಗೆ ಇನ್ನೊಂದನ್ನು ಸೇರಿಸಿದ್ದರು. ಗಿರಣಿಗೆ ಕರೆಂಟು ತೆಗೆದುಕೊಳ್ಳುವಾಗ ಕಟ್ಟಿದ ಡಿಪಾಜಿಟ್ಟಿನ ರಸೀದಿ ಅದು. ಅಮ್ಮನ ನಾಲ್ಕು ಬಳೆ ಅದರಲ್ಲಿ ಹೋಗಿದ್ದವು. “ಇದು ಖರ್ಚಲ್ಲ. ನಮ್ಮ ಗಂಟು ಅವರ ಮನಿಯಾಗ ಐತೆ, ಅಷ್ಟೆ. ಎಲ್ಲಿಗೂ ಹೋಗಂಗಿಲ್ಲ,” ಎನ್ನುತ್ತಿದ್ದರು. ಅಪ್ಪ ಬಿಲ್ಲನ್ನು ಕೊನೆಯ ದಿನದವರೆಗೆ ಉಳಿಸಿದವರೇ ಅಲ್ಲ.

ಎಂಬತ್ತರ ಸುಮಾರಿಗೆ ಜಾಗದ ಮಾಲೀಕರು ತಮ್ಮ ಮಗನಿಗೆ ಅಂಗಡಿ ಹಾಕಿಕೊಡಬೇಕೆಂದು ನಮ್ಮನ್ನು ಬಿಡಿಸಿದರು. ಹರಿಹರದಲ್ಲಿ ಕಾರ್ಖಾನೆ ಕೆಲಸಗಾರರ ಮನೆಗಳ ಹತ್ತಿರ ಒಂದು ತಗಡಿನ ಶೆಡ್ಡು ಸಿಕ್ಕಿತು, ಹಿಂದುಗಡೆ ಎರಡು ಕೋಣೆ. ಕೂಡಿಟ್ಟದ್ದೆಲ್ಲ ಅಡ್ವಾನ್ಸಿಗೆ, ಗಿರಣಿ ಸಾಗಿಸಲಿಕ್ಕೆ ಮುಗಿಯಿತು. ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ವರ್ಷದ ಖಾರದ ಪುಡಿ ಮಾಡಿಸುತ್ತಾರೆ. ಅಷ್ಟರೊಳಗೆ ಕಲ್ಲು ತಿರುಗಿದರೆ ಗಿರಣಿ ಉಳಿಯುತ್ತದೆ, ಇಲ್ಲದಿದ್ದರೆ ಮಾರಬೇಕು. ಅಪ್ಪ ನಮಗೆ ಹೇಳಿದ್ದು ಇಷ್ಟೇ.

ಹರಿಹರದ ಕರೆಂಟ್ ಆಫೀಸಿನಲ್ಲಿ ಹೊಸ ಡಿಪಾಜಿಟ್ ಕೇಳಿದರು. ದಾವಣಗೆರೆಯಲ್ಲಿ ಇರುವುದನ್ನೇ ಇಲ್ಲಿಗೆ ತೆಗೆದುಕೊಳ್ಳಿ ಎಂದರು ಅಪ್ಪ. “ಅದು ಬೇರೆ ಆಫೀಸ್‌ರಿ. ಅಲ್ಲಿ ಬಿಡಿಸ್ಕೊಂಡು ಬಂದು ಇಲ್ಲಿ ಕಟ್ರಿ,” ಎಂಬ ಉತ್ತರ ಬಂತು.

ನಾನಾಗ ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟು. ನನ್ನ ಸಂಬಳ ಶೆಡ್ಡಿನ ಬಾಡಿಗೆಗೂ ಅಕ್ಕಿಬೇಳೆಗೂ ಸರಿಹೋಗುತ್ತಿತ್ತು. ಅರ್ಜಿ ಟೈಪು ಮಾಡಿಕೊಂಡು, ಅರ್ಧ ದಿನ ರಜೆ ಹಾಕಿ ಅಪ್ಪನ ಜೊತೆ ಅಲ್ಲಿನ ಕರೆಂಟ್ ಆಫೀಸಿಗೆ ಹೋದೆ. ಅಪ್ಪ ಜೇಬಿನಿಂದ ರಸೀದಿ ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ಗುಮಾಸ್ತರು ಅದನ್ನು ತಿರುಗಿಸಿ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದರು.

“ನಂಬರ್ ಎಲ್ಲೈತ್ರಿ?”

“ಐತಲ್ರಿ, ವಿಭೂತಿ ಕೆಳಗ ನೋಡ್ರಿ,” ಅಂದರು ಅಪ್ಪ.

ಗುಮಾಸ್ತರು ಉಗುರಿನಿಂದ ಕೆರೆದರು. ವಿಭೂತಿ ಉದುರಿತು, ಅದರ ಜೊತೆ ಕಾಗದವೂ ಸ್ವಲ್ಪ ಎದ್ದಿತು. ನಂಬರ್ ಇರಲಿಲ್ಲ. ಹೆಸರು, ಮೊತ್ತ, ಮೊಹರು ಎಲ್ಲ ಕೆಳಗೆ ಚೆನ್ನಾಗಿಯೇ ಇದ್ದವು. ಕಾಗದಕ್ಕೂ ಒಂದು ಹಣೆ ಇರುತ್ತದೆ ಎಂಬಂತೆ ಅಪ್ಪ ಪ್ರತಿ ದೀಪಾವಳಿಗೆ ಮೇಲ್ತುದಿಯಲ್ಲೇ ಬೆರಳು ಎಳೆದಿದ್ದರು. ಶಾಯಿಯಲ್ಲಿ ಬರೆದ ನಂಬರ್ ಇದ್ದದ್ದೂ ಅಲ್ಲೇ. ಹದಿನಾಲ್ಕು ವರ್ಷದ ಒದ್ದೆ ವಿಭೂತಿ ಅದನ್ನು ತೊಳೆದು ಹಾಕಿತ್ತು. ನನಗೆ ನಗು ಬಂತು. ಅಪ್ಪನ ಮುಖ ನೋಡಿ ನಾಚಿಕೆಯಾಯಿತು.

ಗುಮಾಸ್ತರು ಕೆಟ್ಟವರಲ್ಲ. ಕೂಡ್ರಿ ಅಂದರು, ನೀರು ಕೊಡಿಸಿದರು. “ಡಿಪಾಜಿಟ್ ಯಾಕ ಇಟ್ಕೊಂಡಿರ್ತೀವಿ ಹೇಳ್ರಿ? ಬಿಲ್ ಕಟ್ಟದಂಗ ಓಡಿಹೋಗೋರು ಇರ್ತಾರ.”

“ನಾವು ಓಡಿಹೋಗಿಲ್ವಲ್ರಿ, ನಿಮ್ಮ ಮುಂದೇ ನಿಂತೀವಿ,” ಅಂದೆ ನಾನು. “ಬಾಕಿ ಇದ್ರ ಮುರ್ಕೊಂಡು ಉಳಿದದ್ದು ಕೊಡ್ರಿ.”

“ಬಾಕಿ ಇಲ್ಲ ಅಂತ ಬರೆದುಕೊಡಾಕೂ ನಂಬರ್ ಬೇಕಲ್ರಿ.”

ಅವರ ಮಾತಿನಲ್ಲೂ ಅರ್ಥವಿತ್ತು, ಓಡಿಹೋಗುವವರು ಇದ್ದೇ ಇದ್ದರು. ಆದರೆ ಓಡಿಹೋದವನ ತಪ್ಪಿಗೆ ನಿಂತವನು ಯಾಕೆ ನಿಂತೇ ಇರಬೇಕು ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ.

ಆಮೇಲೆ, ನಂಬರ್ ಇಲ್ಲದಿದ್ದರೆ ಛಾಪಾ ಕಾಗದದ ಮೇಲೆ ಬರೆದುಕೊಡಿ, ಒಬ್ಬರ ಜಾಮೀನು ತನ್ನಿ ಎಂದರು. ಸವೆದ ಗಿರಣಿ ಕಲ್ಲಿಗೆ ಉಳಿಯಿಂದ ಮುಳ್ಳು ಹಾಕಿ ಒರಟು ಮಾಡಿಕೊಡುತ್ತಿದ್ದ ಸಾಬರು ಆನೆಕೊಂಡದಿಂದ ಬಂದು ಜಾಮೀನಿಗೆ ಸಹಿ ಹಾಕಿದರು. ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವರು, ಬಾಯಿ ಮಾತ್ರ ಉಳಿಗಿಂತ ಚೂಪು. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಿಮ್ಮ ದೇವರ ಹೆಸರಿನಾಗೇ ಗಾದೆ ಐತೆ, ಆದ್ರೂ ಬುದ್ಧಿ ಬರಲಿಲ್ಲ ನಿಮಗ,” ಎಂದು ಅಪ್ಪನನ್ನು ರೇಗಿಸಿದರು. ಅಪ್ಪ ನಕ್ಕರು. ಎರಡು ವಾರದ ನಂತರ, ಜಾಮೀನುದಾರರ ಹೆಸರಲ್ಲಿ ಕರೆಂಟ್ ಮೀಟರು ಇರಬೇಕು ಎಂದು ಆಫೀಸಿನವರು ಅದನ್ನು ವಾಪಸ್ ಕೊಟ್ಟರು. ಸಾಬರದು ಬಾಡಿಗೆ ಮನೆ.

ಅಷ್ಟರಲ್ಲಿ ಮೆಣಸಿನಕಾಯಿ ಸಂತೆಗೆ ಬರತೊಡಗಿತ್ತು. ಶೆಡ್ಡಿನ ಮುಂದೆ ಹೆಂಗಸರು ಡಬ್ಬ ಹಿಡಿದುಕೊಂಡು ಬಂದು, “ಯಾವಾಗ ಶುರು ಮಾಡ್ತೀರಿ?” ಎಂದು ಕೇಳಿ ಹೋಗುತ್ತಿದ್ದರು. ಸಾಲ ಮಾಡಿ ಹೊಸ ಡಿಪಾಜಿಟ್ ಕಟ್ಟಿ ಎಂದು ಅಮ್ಮ ಹೇಳಿದಳು, ನಾನೂ ಹೇಳಿದೆ.

“ನನ್ನ ದುಡ್ಡು ಅಲ್ಲೈತೆ. ನಾನ್ಯಾಕ ಬಡ್ಡಿ ಕಟ್ಲಿ? ಅವರೇನು ನನಗ ಬಡ್ಡಿ ಕೊಟ್ಟಾರೇನು?”

ನಾನು ಸಿಟ್ಟಿನಿಂದ, “ನಿಮ್ಮ ವಿಭೂತಿಯಿಂದನೇ ಇಷ್ಟೆಲ್ಲ ಆತು,” ಎಂದುಬಿಟ್ಟೆ. ಆಡಿದ ಮಾತು ನುಂಗಲಾಗುವುದಿಲ್ಲ. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ.

ಬೇಸಿಗೆ ಹೋಯಿತು. ಮಳೆಗಾಲದಲ್ಲಿ ತಗಡಿನ ಸಂದಿನಿಂದ ನೀರು ಸೋರಿ ಮೋಟರಿಗೆ ತುಕ್ಕು ಹತ್ತಿತು. ಹದಡಿಯಿಂದ ಒಬ್ಬರು ಬಂದು ಗಿರಣಿಗೆ ಬೆಲೆ ಕಟ್ಟಿದರು. ಅಪ್ಪ ಚೌಕಾಸಿ ಮಾಡಲಿಲ್ಲ. ಟ್ರ್ಯಾಕ್ಟರಿಗೆ ಏರಿಸುವ ಮೊದಲು ಮೋಟರಿಗೆ ಮೂರು ಬೆರಳು ವಿಭೂತಿ ಎಳೆದು, “ಬೆಲ್ಟು ಬಿಗಿ ಮಾಡಬ್ಯಾಡ್ರಿ, ಬೇರಿಂಗ್ ಹೋಗ್ತೈತೆ,” ಎಂದು ತಗೊಂಡವರಿಗೆ ಹೇಳಿದರು. ಮುಂದಿನ ಸೋಮವಾರದಿಂದ ಹರಿಹರದಲ್ಲೇ ಬೇರೆಯವರ ಗಿರಣಿಯಲ್ಲಿ ಕೂಲಿಗೆ ನಿಂತರು.

ಗಿರಣಿ ಹೋಗಿ ಎರಡು ತಿಂಗಳಿಗೆ ದಾವಣಗೆರೆಯ ಆಫೀಸಿಗೆ ಹೊಸ ಗುಮಾಸ್ತರು ಬಂದರು. ನಾನೊಬ್ಬಳೇ ಹೋಗಿದ್ದೆ, ಅಭ್ಯಾಸಬಲದಿಂದ. ಅವರು ರಸೀದಿಯ ಕಡೆ ನೋಡಲೂ ಇಲ್ಲ. “ಹಳೇ ಬಿಲ್ ಇದ್ರ ಕೊಡ್ರಿ, ಮೀಟರ್ ನಂಬರ್ ಸಾಕು,” ಎಂದು ನನ್ನ ಚೀಲದಲ್ಲಿದ್ದ ಬಿಲ್ಲು ಇಸಿದುಕೊಂಡು, ಹಿಂದಿನ ಕಪಾಟಿನಿಂದ ಉದ್ದನೆಯ ಲೆಡ್ಜರು ಇಳಿಸಿ, ಧೂಳು ಹೊಡೆದು, ಹಾಳೆ ಮಗುಚಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಡಿಪಾಜಿಟ್ ನಂಬರ್ ಅಲ್ಲಿ ದುಂಡಗೆ ಬರೆದಿತ್ತು. ಆ ಕಪಾಟು ಹಿಂದಿನ ಗುಮಾಸ್ತರ ಕುರ್ಚಿಯ ಬೆನ್ನಿಗೇ ತಾಗಿಕೊಂಡಿತ್ತು. ನನಗೆ ಕೂಗಾಡಬೇಕೆನ್ನಿಸಿತು. ಕೂಗಾಡಲಿಕ್ಕೆ ಮೈಯಲ್ಲಿ ಶಕ್ತಿ ಇರಲಿಲ್ಲ. ಥ್ಯಾಂಕ್ಸ್ ಹೇಳಿ ಬಂದೆ.

ಚೆಕ್ಕು ಬಂತು. ಕಟ್ಟಿದಷ್ಟೇ, ಒಂದು ಪೈಸೆ ಹೆಚ್ಚಿಲ್ಲ. ಬಳೆ ಬರಲಿಲ್ಲ, ಅಷ್ಟಕ್ಕೆ ಆಗ ಒಂದು ಬಳೆಯೂ ಬರುತ್ತಿರಲಿಲ್ಲ. ವರ್ಷವಿಡೀ ಲಾಟೀನಿನಲ್ಲೇ ಕಳೆದಿದ್ದೆವು, ಹಿಂದಿನ ಎರಡು ಕೋಣೆಗಾದರೂ ದೀಪ ಬರಲಿ ಎಂದು ಅಪ್ಪ ಹರಿಹರದ ಕರೆಂಟ್ ಆಫೀಸಿಗೆ ಹೋದರು. ಮನೆ ದೀಪಕ್ಕೂ ಡಿಪಾಜಿಟ್ ಇತ್ತು. ಕಟ್ಟಿ, ಹೊಸ ರಸೀದಿ ತಂದರು.

ಆ ದೀಪಾವಳಿಗೆ ಪೂಜೆಗಿಡಲು ತಕ್ಕಡಿ ಇರಲಿಲ್ಲ, ಮೋಟರೂ ಇರಲಿಲ್ಲ. ಅಮ್ಮ ಲಕ್ಷ್ಮಿಯ ಮುಂದೆ ನನ್ನ ಸಂಬಳದ ಕವರು ಇಟ್ಟು, ಪಕ್ಕದಲ್ಲಿ ಹೊಸ ರಸೀದಿ ಇಟ್ಟಳು. ಅಪ್ಪ ವಿಭೂತಿ ಕಲಸಿದರು. ಹೊಸಿಲಿಗೆ ಎಳೆದರು, ನನ್ನ ಕವರಿಗೆ ಎಳೆದರು. ರಸೀದಿಯ ಮೇಲೆ ಬಂದ ಕೈ ಅಲ್ಲೇ ನಿಂತಿತು.

“ಇದಕ್ಕ ಬ್ಯಾಡ,” ಅಂದರು. “ನೀ ಎತ್ತಿಟ್ಕೊ. ನಂಬರ್ ಬೇರೆ ಕಡೆನೂ ಬರೆದಿಡು.”

ಬೆರಳಲ್ಲಿ ಉಳಿದ ವಿಭೂತಿಯನ್ನು ಎಲ್ಲಿ ಹಚ್ಚುವುದೆಂದು ತಿಳಿಯದೆ ಅವರು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.