ರೊಟ್ಟಿ ಡಬ್ಬಿಯಲ್ಲಿ ಗ್ರಾಫಿಕ್ಸ್ ಕಾರ್ಡು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಗಂಗಾವತಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಮಗನ ಫೋಟೋ ಸ್ಟುಡಿಯೋ. ಮದುವೆ ವಿಡಿಯೋ ಮಾಡಿಕೊಡುತ್ತಾನೆ. ನಲವತ್ತು ದಾಟಿದೆ, ಆಟಿಕೆ ಸಾಮಾನು ಮಾತ್ರ ಬಿಟ್ಟಿಲ್ಲ.

ಹಿಟ್ನಾಳದ ಒಂದು ಮದುವೆಯ ವಿಡಿಯೋ ಕೊಡುವುದು ಬಾಕಿ ಇತ್ತು. ಲ್ಯಾಪ್‌ಟಾಪಿಗೆ ಕಸುವು ಸಾಲದಂತೆ. ಕಸುವು ಕೂಡಿಸಲು ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು ತಂದ. ಅದು ಒಳಗೆ ಹಿಡಿಸುವುದಿಲ್ಲ, ಹೊರಗಿಟ್ಟು ವೈರಿನಿಂದ ಜೋಡಿಸಬೇಕು. ಅದಕ್ಕೊಂದು ಪೆಟ್ಟಿಗೆ ಬೇಕು. ನಾನು ಖಡಕ್ ರೊಟ್ಟಿ ಇಡುವ ತಗಡಿನ ಡಬ್ಬಿ ಅವನ ಕಣ್ಣಿಗೆ ಬಿತ್ತು. ಕೇಳಲೂ ಇಲ್ಲ, ರೊಟ್ಟಿಯನ್ನು ಪೇಪರಿನ ಮೇಲೆ ಸುರಿದು ಒಯ್ದ.

"ಲೇ, ನನ್ನ ಡಬ್ಬಿ ಎಲ್ಲೈತಿ?"

"ಕಾರ್ಡಿಗೆ ಮನಿ ಮಾಡೀನಿ, ಯವ್ವಾ."

"ನಿನಗ ಮನಿ ಕಟ್ಟಸಾಕ ಆಗಲಿಲ್ಲ, ಕಾರ್ಡಿಗೆ ಕಟ್ಟಿಸಿದಿ."

ಒಂದು ಬದಿಗೆ ದೊಡ್ಡ ತೂತು ಕೊರೆದು ಫ್ಯಾನು ಕೂಡಿಸಿದ. ಬಿಸಿಗಾಳಿ ಹೊರಗೆ ಹೋಗಲಿ ಎಂದು ಇನ್ನೊಂದು ಬದಿಗೆ ಜರಡಿಯಂತೆ ಸಣ್ಣ ತೂತು ಹೊಡೆದ. ನಡೆಯಿತು. ಅಲ್ಲಿಗೆ ಸುಮ್ಮನಿರಬೇಕಿತ್ತು. ಮರುದಿನ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಕ್ಯಾಮೆರಾಕ್ಕೆ ಊದಿನಕಡ್ಡಿ ಬೆಳಗುವವನು ಹೊಸ ಡಬ್ಬಿಯನ್ನು ಬಿಡುತ್ತಾನೆಯೇ? ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಎರಡು ಸುತ್ತು ಬಿಗಿದು, ಕಾಯಿ ಒಡೆದ.

ಅವತ್ತೇ ಮಧ್ಯಾಹ್ನದಿಂದ ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗತೊಡಗಿತು. ಮದುವೆ ಹುಡುಗಿಯ ಅಪ್ಪನನ್ನು ಎರಡು ಸಲ ಬರಿಗೈಲಿ ಕಳಿಸಿಯಾಗಿತ್ತು. ಸಂಜೆ ಮತ್ತೆ ಬರುವವನಿದ್ದ. "ಇವತ್ತೂ ಕೊಡಲಿಲ್ಲಂದ್ರ ನಮ್ಮ ಊರಾಗ ಯಾವ ಮದುವಿಗೂ ನಿಮ್ಮನ್ನ ಕರಿಯಂಗಿಲ್ಲ ನೋಡ್ರಿ" ಎಂದು ಫೋನಿನಲ್ಲಿ ಹೇಳಿದ. ಇವನು "ಬರ್ರಿ, ಆಗೇತ್ರಿ" ಎಂದು ಸುಳ್ಳು ಹೇಳಿ, ನನ್ನ ಕಡೆ ತಿರುಗಿ "ದೃಷ್ಟಿ ಆಗೇತಿ, ಯವ್ವಾ" ಎಂದು ನಿಂಬೆಹಣ್ಣು ತರಲು ಓಡಿದ.

ನಾನು ಡಬ್ಬಿ ಮುಟ್ಟಿ ನೋಡಿದೆ. ರೊಟ್ಟಿಯ ಹಂಚಿನಂತೆ ಸುಡುತ್ತಿತ್ತು. ಹೂವೆಲ್ಲ ತೂತಿಗೆ ಮೆತ್ತಿಕೊಂಡು ಕಮರಿತ್ತು. ಬಿಸಿ ರೊಟ್ಟಿಯನ್ನು ಗಾಳಿ ಆಡದಂತೆ ಮುಚ್ಚಿಟ್ಟರೆ ಕೆಡುತ್ತದೆ ಎನ್ನುವುದನ್ನು ನಮ್ಮ ಮನೆಯಲ್ಲಿ ಹುಟ್ಟಿದವನಿಗೆ ನಾನು ಹೇಳಬೇಕೆ? ಕುಡುಗೋಲಿನಿಂದ ಮಾಲೆ ಕೊಯ್ಯುತ್ತಿದ್ದೆ, ಅಷ್ಟರಲ್ಲಿ ಬಂದ.

"ಯವ್ವಾ, ಪೂಜಿ ಹೂವು ಅವು."

"ಮೂಗು ಮುಚ್ಚಿ ಪೂಜಿ ಮಾಡಿದ್ರ ದೇವರೂ ಉಳಿಯಂಗಿಲ್ಲ."

ನಾನು ಮಾಲೆ ಕಿತ್ತೆಸೆದೆ, ಅವನು ನಿಂಬೆಹಣ್ಣು ಕಟ್ಟಿದ. ಆಮೇಲೆ ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಸಂಜೆ ಹುಡುಗಿಯ ಅಪ್ಪ ವಿಡಿಯೋ ತೆಗೆದುಕೊಂಡು ಹೋದ. ನನ್ನ ಮಗ ನನ್ನೆದುರಿಗೇ ಅವನಿಗೆ ಹೇಳಿದ: "ನಿಂಬಿಹಣ್ಣು ಕಟ್ಟಿದ ಮ್ಯಾಲ ಸರಿ ಆತ್ರಿ." ಡಬ್ಬಿಯನ್ನು ವಾಪಸ್ ಕೊಡುವ ಮಾತೇ ಇಲ್ಲ.

ಮರುದಿನ ಬೆಳಿಗ್ಗೆ ಎದ್ದು ನಲವತ್ತು ರೊಟ್ಟಿ ಬಡಿದೆ. ಫೋಟೋಕ್ಕೆ ಬೆಳಕು ಹಿಡಿಯುವ ಅವನ ದೊಡ್ಡ ಬಿಳಿ ಛತ್ರಿಯನ್ನು ಮಾಳಿಗೆಗೆ ಒಯ್ದು, ಅಂಗಾತ ಬಿಚ್ಚಿಟ್ಟು, ಅದರ ತುಂಬ ರೊಟ್ಟಿ ಒಣಹಾಕಿದೆ.